ಅಪ್ಪ ಉಳಿಸಿಕೊಂಡ ಆಣೆ

ನಮ್ಮ ಮನೆಯಲ್ಲಿ ಆಣೆ ಇಡದೆ ಮಾತಾಡುತ್ತಿದ್ದವನು ಅಪ್ಪ ಒಬ್ಬನೇ. ಅಜ್ಜಿ, ಅಂದರೆ ಅಪ್ಪನ ತಾಯಿ, ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವುದರೊಳಗೆ ಒಂದೆರಡು ಆಣೆ ಹಾಕಿ ಮುಗಿಸಿರುತ್ತಿದ್ದಳು. ಹಾಲಿನವನು ನೀರು ಬೆರೆಸಿದ್ದಾನೆ ಎನ್ನುವುದಕ್ಕೆ ಅಲ್ಲಾನ ಆಣೆ, ನಮ್ಮ ಕೋಳಿ ಪಕ್ಕದ ಮನೆಯಲ್ಲಿ ಮೊಟ್ಟೆ ಇಟ್ಟಿದೆ ಎನ್ನುವುದಕ್ಕೆ ಅನ್ನದ ಆಣೆ, ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುವುದಕ್ಕೆ ಅವಳ ಎರಡೂ ಕಣ್ಣಿನ ಆಣೆ. ಗೋಡೆಯಾಚೆಯ ಗಂಗಮ್ಮ ಅವಳೆದುರು ಜಗಳಕ್ಕೆ ನಿಂತರೆ ಯಡಿಯೂರು ಸಿದ್ಧಲಿಂಗಪ್ಪನನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. ಬೀದಿಯಲ್ಲಿ ನಾವು ಹುಡುಗಿಯರು ಗಂಟಲಿನ ಚರ್ಮ ಹಿಡಿದೆಳೆದು ಆಣೆ ಇಟ್ಟು, ಆಟ ಮುಗಿಯುವಷ್ಟರಲ್ಲಿ ಮರೆತುಬಿಡುತ್ತಿದ್ದೆವು. ಅಮ್ಮ ನನ್ನ ನೆತ್ತಿಯ ಮೇಲೆ ಕೈಯಿಟ್ಟು "ನಿನ್ನಾಣೆ ಕಣೇ, ಸಕ್ರೆ ಮುಗ್ದೋಗೈತೆ" ಎನ್ನುತ್ತಿದ್ದಳು. ಸಕ್ಕರೆ ಡಬ್ಬಿಯಲ್ಲೇ ಇರುತ್ತಿತ್ತು. ಅಪ್ಪನ ಬಾಯಲ್ಲಿ ಮಾತ್ರ ಹೂಂ, ಉಹೂಂ ಎಂಬ ಎರಡೇ. ಹಾಗಾಗಿ ಅವನು ತನ್ನ ಆಯುಷ್ಯದ ಒಂದೇ ಒಂದು ಆಣೆಯನ್ನು ಇಟ್ಟಾಗ, ಅದನ್ನು ಎಲ್ಲಿಡಬೇಕೆಂದು ನಮ್ಮ ಮನೆಗೆ ಗೊತ್ತಾಗಲಿಲ್ಲ.

ನಮ್ಮದು ಹತ್ತಿ ಹಿಂಜುವವರ ಮನೆ. ಮನೆಮಾತು ಕನ್ನಡವೇ, ಉರ್ದು ಏನಿದ್ದರೂ ಮಸೀದಿಯ ಬಯಾನಿನ ಉಪದೇಶದಲ್ಲಿ, ಮದುವೆಯ ದಾವತ್ತಿನಲ್ಲಿ ಕಿವಿಗೆ ಬೀಳುತ್ತಿದ್ದದ್ದು. ತುಮಕೂರಿನ ಪೇಟೆಯಲ್ಲಿ ಅಪ್ಪನ ಹಾಸಿಗೆ ಅಂಗಡಿ, ಮರಳೂರಿನಲ್ಲಿ ಬಾಡಿಗೆಯ ಶೀಟಿನ ಮನೆ. ಮುಂದಿನ ಕೋಣೆಯಲ್ಲಿ ಹಾಸಿಗೆಯ ಬಟ್ಟೆ, ದಾರ, ಹತ್ತಿಯ ಮೂಟೆ. ನಡುವಿನ ಕೋಣೆಯಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ನಮಾಜು ಮಾಡುತ್ತಿದ್ದೆವು. ಹಿಂದೆ ಒಂದು ಸಣ್ಣ ಅಡುಗೆಮನೆ. ಬಾಗಿಲಿರಲಿಲ್ಲ, ಒಂದು ಹೊಸಿಲು ಮಾತ್ರ. ಎಷ್ಟು ಗುಡಿಸಿದರೂ ಹತ್ತಿಯ ನವಿರು ಎಲ್ಲೆಲ್ಲೂ ಹಾರಾಡುತ್ತಿತ್ತು. ಅಪ್ಪ ಹಿಂಜಿದ್ದನ್ನು ಅಮ್ಮ ಹೊಲಿಯುತ್ತಿದ್ದಳು. ಉದ್ದನೆಯ ದಬ್ಬಳ ಹಿಡಿದು ಅವಳು ಕೂತರೆ ಮಧ್ಯಾಹ್ನದ ಹೊತ್ತಿಗೆ ಒಂದು ಹಾಸಿಗೆ ಎದ್ದು ನಿಲ್ಲುತ್ತಿತ್ತು.

ಅಮ್ಮನ ತವರು ಗುಬ್ಬಿ. ಅವಳಿಗೆ ಒಬ್ಬನೇ ತಮ್ಮ. ಆ ಮಾವನಿಗೆ, ಕುಣಿಗಲ್ಲಿನಲ್ಲಿದ್ದ ನಮ್ಮತ್ತೆಯ, ಎಂದರೆ ಅಪ್ಪನ ಅಕ್ಕನ ಮಗಳನ್ನು ತರುವುದೆಂದು ಮಾತಾಗಿತ್ತು. ಸಕ್ಕರೆ ಹಂಚಿದ್ದರು. ಆಮೇಲೆ ಮಾವ ಒಲ್ಲೆ ಎಂದು, ಬೇರೆ ಕಡೆಯ ಹುಡುಗಿಯನ್ನು ಗೊತ್ತು ಮಾಡಿಕೊಂಡ. ಆ ಸಂಬಂಧ ಕುದುರಿಸಿದ್ದವನು ಅಪ್ಪ. ಅಕ್ಕನೆದುರು ತಲೆ ತಗ್ಗಿಸಬೇಕಾಗಿ ಬಂದವನೂ ಅವನೇ. ಆ ಮದುವೆಗೆ ಹೋಗಕೂಡದೆಂದು ಅಮ್ಮನಿಗೆ ಹೇಳಿದ. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮದುವೆಯ ದಿನ ಅಪ್ಪ ಅಂಗಡಿಗೆ ಹೋದ ಮೇಲೆ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಗುಬ್ಬಿಯ ಬಸ್ಸು ಹತ್ತಿದಳು. ಸಂಜೆಯೊಳಗೆ ಬಂದು, ಸೀರೆ ಬದಲಿಸಿ, ಎಂದಿನಂತೆ ರೊಟ್ಟಿ ತಟ್ಟಿ, ಅಪ್ಪನ ಮುಂದೆ ತಟ್ಟೆ ಇಟ್ಟಳು. ಆಗ ನಾನಿನ್ನೂ ಒಂದನೇ ಕ್ಲಾಸಿನ ಹುಡುಗಿ. ಅಮ್ಮನ ಕೈಯ ಮದರಂಗಿಯನ್ನು ಅಪ್ಪ ನೋಡಿದ್ದು ನನಗೆ ನೆನಪಿದೆ.

"ಹೋಗ್ಬೇಡ ಅಂದಿದ್ನಲ್ಲ."

"ಒಬ್ನೇ ತಮ್ಮ. ಹೆಂಗ್ ಹೋಗ್ದೆ ಇರ್ಲಿ?"

"ಅಲ್ಲಿ ಕುಣಿಗಲ್ನಲ್ಲಿ ನಮ್ಮಕ್ಕ ಹೊರಗೆ ಮುಖ ತೋರುಸ್ತಿಲ್ಲ. ನೀನು ಕೈಗೆ ಬಣ್ಣ ಬಳ್ಕೊಂಡು ಉಂಡ್ ಬಂದಿದೀಯ."

ಅಪ್ಪ ತಟ್ಟೆಯನ್ನು ಎಸೆಯಲಿಲ್ಲ. ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿದ.

"ಅಲ್ಲಾನ ಆಣೆ. ಇನ್ಮೇಲೆ ನಿನ್ ಕೈಯಡ್ಗೆ ನಾನ್ ತಿನ್ನಲ್ಲ."

ಎರಡು ದಿನದ ಕೋಪ ಎಂದುಕೊಂಡೆವು. ಅಪ್ಪ ಅಮ್ಮನ ಜೊತೆ ಮಾತು ಬಿಡಲಿಲ್ಲ; ಅವಳು ಹೊಲಿದ ಹಾಸಿಗೆಯಲ್ಲೇ ಮಲಗಿದ, ಅವಳು ಒಗೆದ ಅಂಗಿಯನ್ನೇ ಹಾಕಿದ, ರಂಜಾನಿಗೆ ಹೊಸ ಸೀರೆಯನ್ನೂ ತಂದ. ಊಟ ಮಾತ್ರ ಅಜ್ಜಿಯ ಕೈಯದು. ತಟ್ಟೆಯ ಮುಂದೆ ಕೂರುವ ಮೊದಲು "ಯಾರು ಮಾಡಿದ್ದು?" ಎಂದು ಕೇಳುತ್ತಿದ್ದ. ಕೋಪದಿಂದಲ್ಲ, ಮಳೆ ಬಂತಾ ಎಂದು ಕೇಳಿದ ಹಾಗೆ. ಒಂದು ಮನೆಗೆ ಎರಡು ಅಡುಗೆ ಮಾಡುವಷ್ಟು ಸೀಮೆಎಣ್ಣೆ ನಮ್ಮಲ್ಲಿರಲಿಲ್ಲ. ಹಾಗಾಗಿ ಅಮ್ಮನೂ ನಾನೂ ಅಜ್ಜಿ ಮಾಡಿದ್ದನ್ನೇ ಉಣ್ಣತೊಡಗಿದೆವು.

ಒಂದು ದಿನ ಅಜ್ಜಿ ಮಸೀದಿಯಲ್ಲಿ ನಮಾಜು ನಡೆಸುವ ಹಜರತ್ತರನ್ನು ಮನೆಗೆ ಕರೆಸಿದಳು. ಬಿಳಿಗಡ್ಡದ, ಮೆಲುದನಿಯ ಮನುಷ್ಯ. ಅಮ್ಮ ಪರದೆಯ ಹಿಂದೆ ಕೂತಳು, ನಾನು ಅವಳ ತೊಡೆಯ ಮೇಲೆ. ಹಜರತ್ತರು ಪಾಠ ಹೇಳುವವರಂತೆ ನಿಧಾನವಾಗಿ ಹೇಳಿದರು.

"ಆಣೆ ಅಂದ್ರೆ ಎಲ್ಲಾ ಒಂದೇ ಅಲ್ಲ ಖಾಸಿಂ ಸಾಬ್. ಬಾಯಿಗೆ ಬಂದಿದ್ದು ಒಂಥರ. ನಿಮ್ಮಮ್ಮ ಹಾಲಿನೋನ ಮೇಲೆ ಹಾಕ್ತಾರಲ್ಲ, ಅಂಥದ್ದು. ಅದನ್ನ ಅಲ್ಲಾ ಹಿಡಿಯಲ್ಲ. ಇನ್ನೊಂದು, ನಡೆದುಹೋಗಿರೋದರ ಬಗ್ಗೆ ಗೊತ್ತಿದ್ದೂ ಗೊತ್ತಿದ್ದೂ ಹಾಕೋ ಸುಳ್ಳಾಣೆ. ಅದು ಮನುಷ್ಯನ್ನ ಮುಳುಗಿಸ್ಬಿಡುತ್ತೆ. ಅದಕ್ಕೆ ಕಫ್ಫಾರ, ಪ್ರಾಯಶ್ಚಿತ್ತ ಅಂತಾರಲ್ಲ, ಅದಿಲ್ಲ. ಅತ್ತು, ತಪ್ಪಾಯ್ತು ಅಂತ ತೌಬಾ ಮಾಡ್ಬೇಕು, ಅಷ್ಟೆ. ನಿಮ್ಮದು ಬೇರೆ. ಮುಂದಕ್ಕೆ ಹಿಂಗೆ ಮಾಡಲ್ಲ ಅಂತ ಅವನ ಹೆಸರು ಹಿಡಿದು ಹೇಳಿದ್ದು. ಇದಕ್ಕೆ ದಾರಿ ಇದೆ."

"ಏನು ದಾರಿ, ಅದ್ನ ಹೇಳಿ," ಅಂದಳು ಅಜ್ಜಿ.

"ಮುರೀಬೇಕು. ಆಣೆ ಹಾಕಿದ ಮೇಲೆ ಅದಕ್ಕಿಂತ ಒಳ್ಳೇದು ಕಂಡ್ರೆ, ಆಣೆ ಮುರಿದು ಒಳ್ಳೇದನ್ನೇ ಮಾಡಿ ಅಂತಲೇ ನಮಗೆ ಹೇಳಿರೋದು. ಆಮೇಲೆ ಹತ್ತು ಜನ ಬಡವರಿಗೆ ಎರಡು ಹೊತ್ತು ಹೊಟ್ಟೆ ತುಂಬ ಊಟ ಹಾಕಿ. ನಿಮ್ಮ ಮನೇಲಿ ನೀವು ಉಣ್ಣೋ ಅಂಥದ್ದೇ ಇರಲಿ. ಇಲ್ಲಾ ಬಟ್ಟೆ ಕೊಡಿ. ಕೈಲಾಗದಿದ್ರೆ ಮೂರು ದಿನ ಬಿಡದೆ ಉಪವಾಸ ಇದ್ದು ರೋಜಾ ಹಿಡೀರಿ. ಗುಲಾಮರನ್ನ ಬಿಡುಗಡೆ ಮಾಡೋದೂ ಒಂದು ದಾರಿ. ಈಗ ನಮ್ಮ ಮನೆಗಳಲ್ಲಿ ಗುಲಾಮರೆಲ್ಲಿ ಇದಾರೆ?"

ಪರದೆಯ ಹಿಂದೆ ಅಮ್ಮ ಮೂಗಿನಲ್ಲೇ ನಕ್ಕದ್ದು ನನಗೊಬ್ಬಳಿಗೆ ಕೇಳಿಸಿತು. ಅಪ್ಪ "ಯೋಚ್ನೆ ಮಾಡ್ತೀನಿ ಹಜರತ್" ಅಂದ. ಅವನ ಯೋಚನೆಗೆ ವರ್ಷಗಳು ಹಿಡಿದವು. ಅಷ್ಟರಲ್ಲಿ ಪೇಟೆಯಲ್ಲಿ ಅವನಿಗೆ ಬೇರೆಯೇ ಒಂದು ಹೆಸರು ಬಂದಿತ್ತು. ಖಾಸಿಂ ಸಾಬರು ಮಾತು ಅಂದರೆ ಮಾತು, ಹೆಂಡತಿಯ ವಿಷಯದಲ್ಲೂ ಬಿಟ್ಟುಕೊಡಲಿಲ್ಲ ಎಂದು ಗಿರಾಕಿಗಳು ಅವನೆದುರಿಗೇ ಹೊಗಳುತ್ತಿದ್ದರು. ಅಂಥ ದಿನ ಅಪ್ಪ ಮನೆಗೆ ಬಂದು ಇನ್ನೂ ಕಡಿಮೆ ಮಾತಾಡುತ್ತಿದ್ದ.

ಅಜ್ಜಿಯ ಕೈ ನಡುಗಲು ಶುರುವಾಯಿತು. ಸಾರು ಇಳಿಸುವಾಗ ಒಮ್ಮೆ ಕಾಲಿನ ಮೇಲೆ ಚೆಲ್ಲಿಕೊಂಡಳು. ಆಮೇಲೆ ಅವಳು ಗೋಡೆಗೊರಗಿ ಕೂತು ತನ್ನದೇ ಕಾನೂನು ಮಾಡಿದಳು.

"ಹೆಚ್ಚೋದು ಅಡ್ಗೆ ಅಲ್ಲ. ರುಬ್ಬೋದೂ ಅಲ್ಲ. ಅದನ್ನೆಲ್ಲ ಮಾಬೂನೇ ಮಾಡ್ಲಿ. ಒಲೆ ಮ್ಯಾಲಿಟ್ಟು, ಉಪ್ಪು ಹಾಕಿ, ಬೇಯ್ಸಿ ಇಳ್ಸೋದೈತಲ್ಲ, ಅದು ಅಡ್ಗೆ. ಅದ್ನ ಮೆಹರು ಮಾಡ್ಲಿ."

ಮಾಬೂ ಎಂದರೆ ನನ್ನಮ್ಮ ಮಾಬುಬಿ. ಮೆಹರು ನಾನು. ಒಲೆಯ ಮುಂದೆ ನಿಂತರೆ ಪಾತ್ರೆಯ ಒಳಗು ಕಾಣದಷ್ಟು ಕುಳ್ಳಿ. ಕಾಲ ಕೆಳಗೆ ಮಣೆ ಹಾಕಿಕೊಟ್ಟರು. ಅಮ್ಮ ಈರುಳ್ಳಿ ಹೆಚ್ಚಿ, ಖಾರ ರುಬ್ಬಿ, ಎಲ್ಲವನ್ನೂ ಬಟ್ಟಲುಗಳಲ್ಲಿ ಹೊಸಿಲ ಮೇಲೆ ಸಾಲಾಗಿ ಇಡುತ್ತಿದ್ದಳು. ಆಮೇಲೆ ಹೊಸಿಲಿನಾಚೆ ನಿಂತು ಬಾಯಲ್ಲಿ ಅಡುಗೆ ಮಾಡುತ್ತಿದ್ದಳು. "ಎಣ್ಣೆ ಕಾದೈತಾ ನೋಡು. ಈಗ ಹಾಕು. ಅಷ್ಟಲ್ಲ ಕಣೇ, ಇನ್ನೊಂಚೂರು. ತಿರುವು, ತಳ ಹಿಡೀತದೆ." ಮೊದಲ ಸಲ ಮುದ್ದೆ ಕೂಡಿಸಿದಾಗ ಹಿಟ್ಟಿನ ತುಂಬ ಗಂಟು. ಕೋಲು ತಿರುವಲಾರದೆ ನಾನು ಅಳುತ್ತಿದ್ದರೆ ಅಮ್ಮನ ಎರಡೂ ಕೈಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಬಂದು ಹಿಡಿಯಲಿಲ್ಲ. ಅಪ್ಪನ ಆಣೆಯನ್ನು ಅಪ್ಪನಿಗಿಂತ ಹೆಚ್ಚಾಗಿ ಕಾಯುತ್ತಿದ್ದವಳು ಅವಳು. ತನ್ನ ಕೈ ತಗುಲಿ ಅವನಿಗೆ ಪಾಪ ಬರಬಾರದೆಂಬ ಹೆದರಿಕೆಯೋ, ಅಥವಾ ಅವನು ಕೇಳಿಕೊಂಡದ್ದನ್ನು ಪೂರ್ತಿ ಕೊಟ್ಟೇ ತೀರುವೆನೆಂಬ ಹಟವೋ, ನನಗೆ ತಿಳಿಯದು. ರಂಜಾನಿನಲ್ಲಿ ಬೆಳಗಿನ ಜಾವದ ಸಹರಿ ಊಟದ ಹೊತ್ತಿಗೆ ನನ್ನನ್ನು ಎಬ್ಬಿಸಿ, ಮುಖ ತೊಳೆಸಿ, ಒಲೆಯ ಮುಂದೆ ನಿಲ್ಲಿಸುತ್ತಿದ್ದಳು. ನಾನು ನಿಂತಲ್ಲೇ ತೂಕಡಿಸಿದರೆ ಹೊಸಿಲಿನಾಚೆಯಿಂದ "ಮೆಹರೂ" ಎನ್ನುತ್ತಿದ್ದಳು. ಆ ದನಿಯಲ್ಲಿ ಗದರಿಕೆ ಇರಲಿಲ್ಲ, ಕ್ಷಮೆ ಕೇಳುವಂತಿತ್ತು. ಅದೇ ನನಗೆ ಸಿಟ್ಟು ತರಿಸುತ್ತಿತ್ತು.

"ನೀನು ಯಾಕ್ ಹೋದೆ ಆ ಮದ್ವೆಗೆ?" ಎಂದು ಒಂದು ದಿನ ಕೂಗಾಡಿದೆ. ಅಂಗೈ ಸುಟ್ಟುಕೊಂಡಿದ್ದೆ.

"ಒಬ್ನೇ ತಮ್ಮ ಕಣೇ," ಅಂದಳು. ಅಷ್ಟು ವರ್ಷಗಳಲ್ಲಿ ಅವಳ ಬಳಿ ಅದೊಂದೇ ಉತ್ತರವಿತ್ತು. ಆ ಒಬ್ಬನೇ ತಮ್ಮ ನಮ್ಮ ಮನೆಯ ಹೊಸಿಲು ತುಳಿದವನಲ್ಲ. ಅಮ್ಮನೂ ಮತ್ತೆ ಗುಬ್ಬಿಗೆ ಹೋಗಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹೋದಳು. ಹೋಗುವ ಮೊದಲು ಅಪ್ಪನ ಕೈ ಹಿಡಿದು, ನಡುನಡುವೆ ಉಸಿರೆಳೆದುಕೊಂಡು ಹೇಳಿದ್ದು ಇಷ್ಟು: "ನಾನು ಸಾವ್ರ ಆಣೆ ಹಾಕಿ ಸಾವ್ರನೂ ಮುರ್ದೆ. ಅಲ್ಲಾ ನನ್ನ ಬುಟ್ಬುಡ್ತಾನೆ. ನೀನು ಒಂದ್ ಹಾಕಿ ಸಾಯ್ತಿದೀಯಲ್ಲೋ. ಬುಡೋ ಅದ್ನ."

ಅಪ್ಪ ಮಗುವಿನ ಹಾಗೆ ಅತ್ತ. ನಲವತ್ತನೇ ದಿನದ ಫಾತೆಹಾ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮನನ್ನು ಕರೆದು, ಅವಳ ಮುಖ ನೋಡದೆ, "ಶುಕ್ರವಾರ ಹತ್ತು ಜನಕ್ಕೆ ಅಡ್ಗೆ ಮಾಡು. ಎರಡು ಹೊತ್ತು. ನೀನೇ ಮಾಡು" ಅಂದ. ಅಮ್ಮನಿಗೆ ಅರ್ಥವಾಯಿತು. ಅವಳು ಆ ದಿನ ಓಡಾಡಿದ ರೀತಿಯನ್ನು ನಾನು ಮತ್ತೆ ನೋಡಲಿಲ್ಲ. ಗಂಗಮ್ಮನ ಮನೆಯಿಂದ ದೊಡ್ಡ ಪಾತ್ರೆ ತಂದಳು, ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು. ನಾನು ಅಭ್ಯಾಸಬಲದಿಂದ ಒಳಗೆ ಹೋದರೆ ನನ್ನ ಭುಜ ಹಿಡಿದು ಹೊರಗೆ ಕಳಿಸಿದಳು. "ಇವತ್ತು ನೀನ್ ಕೂತ್ಕೋ. ರಾತ್ರಿ ಮೂರೂ ಜನ ಒಟ್ಟಿಗೆ ಉಣ್ಣಣ. ಅಲ್ಲೀಗಂಟ ನೀನೂ ಏನೂ ಮುಟ್ಬೇಡ." ಮಧ್ಯಾಹ್ನಕ್ಕೆ ಅನ್ನ ಬೇಳೆಸಾರು, ಸಂಜೆಗೆ ಕುಷ್ಕ, ಮಟನ್ ಸಾರು. ದರ್ಗಾದ ಮುಂದೆ ಕೂರುವ ಮುದುಕರು, ಚಿಂದಿ ಆಯುವ ಹೆಂಗಸರು, ಹತ್ತು ಜನರನ್ನು ಅಪ್ಪನೇ ಹೋಗಿ ಕರೆತಂದಿದ್ದ. ಅದೇ ಹತ್ತು ಜನ ಎರಡೂ ಹೊತ್ತು ಬಂದು, ನಡುವಿನ ಕೋಣೆಯಲ್ಲಿ ಕೂತು ಉಂಡರು. ಅಪ್ಪನೇ ಬಡಿಸಿದ. ನಾನು ಅಮ್ಮನ ಮಾತಿಗೆ ಕಟ್ಟುಬಿದ್ದು ಬರಿಹೊಟ್ಟೆಯಲ್ಲಿ ಕಾದೆ. ಇಡೀ ಮನೆಯಲ್ಲಿ ಮಸಾಲೆಯ ಘಮ ತುಂಬಿತ್ತು.

ಸಂಜೆಯ ಪಂಕ್ತಿ ಮುಗಿಯುವ ಹೊತ್ತಿಗೆ, ದುವಾ ಮಾಡಲೆಂದು ಅಪ್ಪ ಕರೆದಿದ್ದ ಹಜರತ್ತರು ಬಂದರು. ಅವರ ಪಕ್ಕದಲ್ಲಿ ಅಪ್ಪ ಕೈ ತೊಳೆದು ಕೂತ. ಅಮ್ಮ ತಟ್ಟೆ ಹಿಡಿದು, ಸೆರಗನ್ನು ಮುಖದ ತನಕ ಎಳೆದುಕೊಂಡು ಹೊಸಿಲು ದಾಟಿದಳು.

"ಯಾವಾಗ ಮುರಿದ್ರಿ ಆಣೆ?" ಹಜರತ್ತರು ಸಂತೋಷದಿಂದಲೇ ಕೇಳಿದರು.

"ಈಗ ಮುರೀತೀನಿ ಹಜರತ್. ಕಫ್ಫಾರ ಮುಗೀತಲ್ಲ. ಇನ್ನು ಉಂಡ್ರಾಯ್ತು."

ಹಜರತ್ತರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ; ಆದರೆ ಗೊತ್ತಿದ್ದದ್ದನ್ನು ಮುಚ್ಚಿಡಲಾರದವರು. "ಅಯ್ಯೋ, ನನ್ನ ಒಂದ್ಮಾತು ಕೇಳಬಾರ್ದಿತ್ತಾ? ಮೊದಲು ಮುರೀಬೇಕು ಖಾಸಿಂ ಸಾಬ್. ಮುರಿದ ಮೇಲೆ ಕೊಡೋದು ಕಫ್ಫಾರ. ಮೊದಲೇ ಕೊಟ್ರೆ ಅದು ಖೈರಾತ್, ಬರೀ ದಾನ ಆಗುತ್ತೆ. ಬೇರೆ ಇಮಾಮರ ಕಡೆಯೋರು ಮೊದಲೇ ಕೊಟ್ರೂ ಆಗುತ್ತೆ ಅಂತಾರೆ. ನಮ್ಮ ಹನಫಿ ಪಂಥದಲ್ಲಿ ಹಂಗಿಲ್ಲ. ಇರಲಿ ಬಿಡಿ, ಏನೂ ಕೆಟ್ಟಿಲ್ಲ. ಈಗ ಊಟ ಮಾಡಿ. ಇನ್ನೊಂದ್ಸಲ ಊಟ ಹಾಕೋಕೆ ಆಗದಿದ್ರೆ ಮೂರು ರೋಜಾ. ಮುಗೀತು."

ಹತ್ತು ಜನರೂ ಅಪ್ಪನನ್ನೇ ನೋಡುತ್ತಿದ್ದರು. ವರ್ಷಗಳ ಹಿಂದೆ ಹಜರತ್ತರು ಹೇಳಿದ್ದರಲ್ಲಿ 'ಆಮೇಲೆ' ಎಂಬ ಮಾತೊಂದನ್ನು ಅವನು ಕಳೆದುಕೊಂಡಿದ್ದ. ಮತ್ತೆ ಹೋಗಿ ಕೇಳಲು ನಾಚಿಕೊಂಡಿದ್ದ.

"ಹಂಗಾದ್ರೆ ಇಷ್ಟೆಲ್ಲ ಮಾಡಿದ್ದು ಲೆಕ್ಕಕ್ಕಿಲ್ವಾ?"

"ಪುಣ್ಯ ಎಲ್ಲೂ ಹೋಗಲ್ಲ. ಕಫ್ಫಾರ ಅಂತ ಆಗಲ್ಲ ಅಷ್ಟೆ. ಊಟ ಮಾಡಿ, ಊಟ ಮಾಡಿ."

ಅಪ್ಪ ತಟ್ಟೆಯ ಕಡೆ ನೋಡಿದ. ಒಂದು ತುತ್ತು ಎತ್ತಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನ ಕೈ ತಟ್ಟೆಯ ಅಂಚಿನವರೆಗೂ ಹೋಗಿದ್ದನ್ನು ನಾನು ಕಂಡಿದ್ದೇನೆ.

"ಅಲ್ಲಾಗೇ ಇಷ್ಟ ಇಲ್ಲ ಅಂತ ಕಾಣುತ್ತೆ," ಅಂದ. ಎದ್ದು, ಟೋಪಿ ಸರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ. ಹಜರತ್ತರು "ಖಾಸಿಂ ಸಾಬ್, ಅದು ಹಂಗಲ್ಲ, ಕೇಳಿ ಇಲ್ಲಿ" ಎನ್ನುತ್ತ ಬೀದಿಯ ತನಕ ಹಿಂದೆ ಹೋದರು. ಅಮ್ಮ ತಟ್ಟೆಯನ್ನು ಎತ್ತಿ ಒಳಗೆ ಒಯ್ದಳು. ಆಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಆ ಹತ್ತು ಜನರ ಡಬ್ಬಿಗಳಿಗೆ, ಸೆರಗುಗಳಿಗೆ ತುಂಬಿ ಕಳಿಸಿದಳು. ನನಗೊಂದು ತುತ್ತು ಇಡಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ. ನಾನೂ ಕೇಳಲಿಲ್ಲ.

ಮರುದಿನದಿಂದ ಅಮ್ಮ ಹೆಚ್ಚುವುದನ್ನೂ ರುಬ್ಬುವುದನ್ನೂ ಬಿಟ್ಟಳು. ಹೊಸಿಲಿನಾಚೆ ನಿಲ್ಲಲೂ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಹತ್ತಿಯ ನಡುವೆ ಕೂತು ಹೊಲಿಯುತ್ತಿದ್ದಳು. ನಾನು ಕರೆದರೆ ಬಂದು ಉಣ್ಣುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಮಾತು ನಾನೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಮಧ್ಯಾಹ್ನದ ಊಟ ಅಂಗಡಿಗೆ ಹೋಗಬೇಕಿತ್ತಲ್ಲ. ಒಂದೆರಡು ವರ್ಷವಾದ ಮೇಲೆ ಕುಣಿಗಲ್ಲಿನ ಅತ್ತೆಯೇ ಒಂದು ಸಂಬಂಧ ತಂದಳು. ಹುಡುಗ ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದ. ಅವರು ಬಂದು ನೋಡಿ ಒಪ್ಪಿಯೂ ಹೋದರು. ಅತ್ತೆ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, "ಇವಳು ಹೋದ್ರೆ ಅಕ್ಕಾ, ಇಲ್ಲಿ..." ಎಂದು ಅಲ್ಲಿಗೇ ನಿಲ್ಲಿಸಿದ. ಅತ್ತೆ ಅಮ್ಮನ ಕಡೆ ನೋಡಿದಳು. ಅಮ್ಮ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಳು. ಆ ಮಾತು ಮುಂದುವರಿಯಲಿಲ್ಲ. ಮುಂದೆ ಬಂದ ಸಂಬಂಧಗಳೂ ಹೀಗೇ ಬಾಗಿಲಿನಿಂದ ಹಿಂದಿರುಗಿದವು. ಯಾರೂ ನನಗೆ ಬೇಡವೆನ್ನಲಿಲ್ಲ, ಯಾರೂ ಹೋಗು ಎನ್ನಲೂ ಇಲ್ಲ. ಪೇಟೆಯಲ್ಲಿ ಫೋಮಿನ ಹಾಸಿಗೆಗಳು ಬಂದು ಅಂಗಡಿಯ ವ್ಯಾಪಾರ ಕುಗ್ಗಿತು. ಅಮ್ಮ ಆದರೂ ಹೊಲಿದಳು. ಅವಳ ಎದೆಯೊಳಗೆ ಹತ್ತಿ ಸೇರಿಕೊಂಡಿತ್ತು; ಮಾತಾಡಿದರೆ ಉಬ್ಬಸ, ನಡೆದರೆ ಉಬ್ಬಸ.

ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ದಿನಾ ಗಂಜಿ ಮಾಡಿ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪ ಡಬ್ಬಿಯ ಮುಚ್ಚಳ ತೆಗೆದು, ಅಮ್ಮನ ಕೈಗೆ ಚಮಚ ಕೊಟ್ಟ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

"ಒಂದ್ಸಲ ಕೈಯಾಡ್ಸು ಮಾಬೂ. ನಾನ್ ಕುಡೀತೀನಿ. ಆಣೆ ಮುರುದ್ಹೋಗ್ಲಿ."

ಅಮ್ಮ ಚಮಚವನ್ನು ಮುಚ್ಚಳದ ಮೇಲೆ ಇಟ್ಟಳು.

"ಇದು ಮೆಹರು ಮಾಡಿದ್ದು. ಕೈಯಾಡ್ಸಿದ್ರೆ ನನ್ ಅಡ್ಗೆ ಆಗಲ್ಲ," ಅಂದಳು. ಉಸಿರು ತಿರುಗಿಸಿಕೊಂಡು, "ಬಿಡಿ. ಸುಸ್ತಾಗ್ತದೆ."

ಅದು ಸಿಟ್ಟೋ, ನ್ಯಾಯವೋ, ಬರೀ ಸುಸ್ತೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆ ವಾರ ಕಳೆಯುವುದರೊಳಗೆ ಅಮ್ಮ ಹೋದಳು.

ಮಣ್ಣು ಮಾಡಿ ಬಂದ ಮೇಲೆ, ನೆಂಟರೆಲ್ಲ ಚದುರಿದ ಒಂದು ದಿನ, ಹಜರತ್ತರು ಮನೆಗೆ ಬಂದರು. ಅವರೂ ಮುದುಕರಾಗಿದ್ದರು. ಅಪ್ಪ ಅವರ ಮುಂದೆ ಮೊಣಕಾಲೂರಿ ಕೂತ.

"ನಾನೆಷ್ಟು ರೋಜಾ ಹಿಡೀಬೇಕು ಹಜರತ್? ಮೂರಾ, ಇನ್ನೂ ಜಾಸ್ತಿನಾ?"

"ಯಾತಕ್ಕೆ ಖಾಸಿಂ ಸಾಬ್?"

"ಆಣೆಗೆ."

"ನೀವು ಮುರೀಲೇ ಇಲ್ವಲ್ಲ," ಅಂದರು ಹಜರತ್ತರು. "ಕಫ್ಫಾರ ಇರೋದು ಮುರಿದೋರಿಗೆ. ನೀವು ಪೂರ್ತಿ ಉಳಿಸಿಕೊಂಡ್ರಿ. ಇನ್ನು ಮುರಿಯೋಕೂ ಆಗಲ್ಲ. ಆ ಆಣೆಗೆ ಅಂತ ನಿಮ್ಮ ಮೇಲೆ ಏನೂ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಅಪ್ಪ ಮತ್ತೆ ಅದನ್ನೇ ಕೇಳಿದ. ಬೇರೆ ಉತ್ತರ ಬರಬಹುದೆಂದು ಅವನು ಕಾದದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ಹಜರತ್ತರು ಅವನ ಭುಜದ ಮೇಲೆ ಕೈಯಿಟ್ಟು, ಎದ್ದು ಹೋದರು.

ಊಟದ ಹೊತ್ತಾಗಿತ್ತು. ಮುದ್ದೆ, ಹುರುಳಿಕಾಳಿನ ಸಾರು ಇಟ್ಟೆ. ಅಪ್ಪ ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದ.

"ನಿಮ್ಮಮ್ಮನ ಅಡ್ಗೆ ಹೆಂಗಿರ್ತಿತ್ತಮ್ಮ?" ಅಂದ. "ನಂಗೆ ಆ ರುಚಿ ಬಾಯಿಗೆ ಬರ್ತಾನೇ ಇಲ್ಲ."

ನಾನು ನೆನಪಿಸಿಕೊಳ್ಳಲು ನೋಡಿದೆ. ಅಜ್ಜಿಯ ಸಾರು ನಾಲಗೆಯ ಮೇಲಿತ್ತು. ಆಮೇಲಿನದೆಲ್ಲ ನಾನೇ ಮಾಡಿದ್ದು, ನಾನೇ ಉಂಡದ್ದು. ಅದಕ್ಕೂ ಹಿಂದೆ, ಒಂದನೇ ಕ್ಲಾಸಿನ ಆಚೆಗೆ, ಏನೂ ಸಿಗಲಿಲ್ಲ.

"ಚೆನ್ನಾಗಿರ್ತಿತ್ತಪ್ಪ," ಅಂದೆ.

ಅಪ್ಪ ತಲೆಯಾಡಿಸಿ ತುತ್ತು ನುಂಗಿದ.